ಆರು ತಂತಿ ತಂದ ಆಘಾತ

ಈ ಸಲದ ರಾಜ್ಯೋತ್ಸವಕ್ಕೆ ಮಂಡ್ಯದ ವೇದಿಕೆಯ ಮೇಲೆ ಎಲೆಕ್ಟ್ರಿಕ್ ಗಿಟಾರ್ ನುಡಿಸುವ ಗಂಡಸೊಬ್ಬನಿದ್ದರೆ ಅವನು ನಾನೇ! ಎಪ್ಪತ್ತಾರನೇ ಇಸವಿಯ ಶ್ರಾವಣದಲ್ಲಿ, ಕಚೇರಿಯ ಕ್ಯಾಂಟೀನಿನಲ್ಲಿ ಮದ್ದೂರು ವಡೆ ಮುರಿಯುತ್ತಾ ನಾನು ಹೀಗೊಂದು ಭೀಷ್ಮಪ್ರತಿಜ್ಞೆ ಮಾಡಿಬಿಟ್ಟೆ. ಕಚೇರಿಯ ವಾದ್ಯಗೋಷ್ಠಿ ನಡೆಸುತ್ತಿದ್ದ ಪಾರ್ಥಸಾರಥಿ ಬೆಚ್ಚಿಬಿದ್ದ.

"ಲೋ ಸಂಪತ್ತು, ನಿನಗೆ ಗಿಟಾರ್ ಬರುತ್ತೇನೋ?"

"ಮೊದಲು ಗಿಟಾರ್ ಮನೆಗೆ ಬರಲಿ. ಆಮೇಲೆ ನನಗೆ ತಾನಾಗಿ ಬರುತ್ತೆ!"

ಸಂಜೆಯೇ ಹೆಂಡತಿ ರಂಗನಾಯಕಿಯನ್ನು ಕರೆದುಕೊಂಡು ಪೇಟೆಬೀದಿಗೆ ದಂಡೆತ್ತಿ ಹೋದೆ. ಅಲ್ಲಿ ಹಾರ್ಮೋನಿಯಂ ರಿಪೇರಿಯ ಮರಿಸಿದ್ದಯ್ಯ ಬೊಂಬಾಯಿಯಿಂದ ಎರಡು ಗಿಟಾರ್ ತರಿಸಿ ತೂಗುಹಾಕಿದ್ದ. ಒಂದು ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದು ಎನ್ನುವಷ್ಟು ಪಾಲಿಶ್ ಆಗಿತ್ತು. ಜೊತೆಗೆ ಶಬ್ದ ಜೋರು ಮಾಡುವ ಪೆಟ್ಟಿಗೆ ಬೇರೆ. ಇನ್ನೊಂದಕ್ಕೆ ಪಾಲಿಶ್ಶೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಒಂದೇ ಒಂದು ಕೋಟು ಕೆಂಪು ಬಣ್ಣ ಬಳಿದು ಕೈ ತೊಳೆದುಕೊಂಡಿದ್ದರು. ಬೆಲೆ ಮಾತ್ರ ಮೊದಲನೆಯದರ ಅರ್ಧ!

"ಒಳಗಡೆ ಎರಡೂ ಒಂದೇ ತಾನೇ?" ಎಂದು ಕೇಳಿದೆ.

"ಸಬ್ದ ಎಲ್ಡ್ರಲ್ಲೂ ಬತ್ತದೆ ಸೋಮಿ. ಈ ಅಗ್ಗದ್ದ ಮಾತ್ರ ಮನೆ ರೇಡಿಯೋಗೆ ಸಿಗಿಸ್ಕೋಬೇಕಾಯ್ತದೆ" ಎಂದ ಮರಿಸಿದ್ದಯ್ಯ.

ರಂಗನಾಯಕಿ ಮೆಲ್ಲಗೆ ತಿವಿದಳು. "ಏನೂಂದ್ರೆ, ಕರೆಂಟಿನ ಸಾಮಾನಿನಲ್ಲಿ ಜಿಪುಣತನ ಬೇಡ. ಒಳ್ಳೇದನ್ನೇ ತೊಗೊಳ್ಳಿ."

"ನಾದಕ್ಕೂ ಪಾಲಿಶ್‌ಗೂ ಏನೇ ಸಂಬಂಧ? ನಿಮ್ಮಪ್ಪ ನನ್ನ ಬಣ್ಣ ನೋಡಿಯೇ ಹೆಣ್ಣು ಕೊಟ್ಟರೇನು?"

"ಇಲ್ಲ. ಸರಿಯಾಗಿ ನೋಡಿದ್ದರೆ ಕೊಡ್ತಿರಲಿಲ್ಲ!"

ಅಗ್ಗದ್ದನ್ನೇ ಬಗಲಿಗೇರಿಸಿ ವಿಜಯೋತ್ಸಾಹದಿಂದ ಮನೆಗೆ ಬಂದೆ. ಆ ಕಾಲದಲ್ಲಿ ಅಂಚೆಯವನು ಮನೆಗೊಂದು ತಂತಿ ತಂದರೇ ಹೆಂಗಸರು ಅಳಲು ಶುರುಮಾಡುತ್ತಿದ್ದರು. ನಾನೋ, ಒಂದೇ ಏಟಿಗೆ ಆರು ತಂತಿ ತಂದಿದ್ದೆ!

ತೋಳುನೋವಿನ ಚಿಕಿತ್ಸೆಗೆಂದು ಮಳವಳ್ಳಿಯಿಂದ ಬಂದಿದ್ದ ಅತ್ತೆ ಗೋದಮ್ಮನವರನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಬಿಳಿ ಶರ್ಟು ತೊಟ್ಟು, ರೇಡಿಯೋ ಹಿಂದೆ ವೈರು ಸಿಕ್ಕಿಸಿ, ಕಣ್ಣು ಮುಚ್ಚಿ ತಂತಿ ಮೀಟಿದೆ. ರೇಡಿಯೋದಿಂದ ಏನೂ ಬರಲಿಲ್ಲ. ಬಂದದ್ದು ನನ್ನ ಗಂಟಲಿನಿಂದ! ಅದು ಸಪ್ತಸ್ವರಗಳಲ್ಲಿ ಯಾವುದಕ್ಕೂ ಸೇರಿದ್ದಲ್ಲ. ನಾನು ನೆಲಕ್ಕೆ, ಗಿಟಾರು ಅತ್ತೆಯ ಮಡಿಲಿಗೆ!

"ಅಯ್ಯೋ ರಂಗನಾಥಾ!" ಎಂದು ಗೋದಮ್ಮನವರೂ ಶಾಕ್ ತಿಂದು ಗಿಟಾರ್ ಸಮೇತ ಕುರ್ಚಿಯಿಂದ ನೆಗೆದರು. ರಂಗನಾಯಕಿ ಓಡಿಹೋಗಿ ವೈರು ಕಿತ್ತಳು. ಅಷ್ಟರಲ್ಲಿ ಕಿರುಚಾಟ ಕೇಳಿ ಪಕ್ಕದ ಮನೆಯ ದೇವಿರಮ್ಮ ಕಿಟಕಿಯಲ್ಲಿ ಇಣುಕಿದಳು. ಅವಳಿಗೆ ಕಂಡದ್ದೇನು? ನೆಲದ ಮೇಲೆ ಉದ್ದಕ್ಕೆ ಮಲಗಿದ ನಾನು, ಬೆವರಿಗೆ ಗಿಟಾರಿನ ಬಣ್ಣವೆಲ್ಲ ಇಳಿದು ಎದೆ ತುಂಬ ಕೆಂಪಾದ ನನ್ನ ಶರ್ಟು, ಗಿಟಾರನ್ನು ಗದೆಯಂತೆ ತಲೆಯ ಮೇಲೆತ್ತಿ ನಿಂತ ನಮ್ಮತ್ತೆ!

"ಅಯ್ಯಯ್ಯಪ್ಪೋ! ಬನ್ರಪ್ಪೋ! ಅತ್ತೆಮ್ಮ ಅಳೀನ್ನ ಕೊಂದಾಕ್‌ಬುಟ್ರು!"

ಬೀದಿಗೆ ಬೀದಿಯೇ ನುಗ್ಗಿತು. "ನಾನು ಸತ್ತಿಲ್ಲ!" ಎಂದು ನಾನು ಎದ್ದು ಕೂತಾಗ ಬಂದವರಲ್ಲಿ ಇಬ್ಬರು ದೆವ್ವವೆಂದು ಕಿರುಚಿದರು. ಆದರೆ ಗೋದಮ್ಮನವರಿಗೆ ಅಳಿಯನ ಕಡೆ ಗಮನವೇ ಇಲ್ಲ.

"ರಂಗೂ, ನನ್ನ ಕೈ ನೋಡೇ! ಮೇಲೆ ಹೋಗಿದೆ!"

ಎಣ್ಣೆ, ಲೇಪ, ಇಂಜೆಕ್ಷನ್ ಯಾವುದಕ್ಕೂ ಬಗ್ಗದೆ ಜಡಗಟ್ಟಿದ್ದ ತೋಳು ಅದು. ತಲೆ ಬಾಚಿಕೊಳ್ಳಲೂ ಆಗದಿದ್ದ ಆ ಕೈ ಈಗ ತೊಲೆಯನ್ನು ಮುಟ್ಟುತ್ತಿತ್ತು!

ಬೆಳಗಾಗುವುದರೊಳಗೆ ದೇವಿರಮ್ಮ ತನ್ನ ಮೊಣಕಾಲಿನೊಂದಿಗೆ ಹಾಜರು. "ಇಡ್ಕೊಬುಟ್ಟದೆ ಸೋಮಿ, ಒಂಚೂರು ತಂತಿ ಮುಟ್ಟುಸ್ಬುಡಿ." ಆಮೇಲೆ ಕೊತ್ತತ್ತಿಯ ಸೊಂಟಗಳು, ಬಸರಾಳಿನ ಬೆನ್ನುಗಳು, ಗಾಡಿ ಕಟ್ಟಿಕೊಂಡು ಬಂದವು! ಜಗಲಿಯ ಮೇಲೆ ಸಾಲು. ಬೇಡವೆಂದರೆ ಅತ್ತೆಯೇ ಗದರುತ್ತಿದ್ದರು: "ಬಂದೋರನ್ನ ಬರಿಗೈಲಿ ಕಳಿಸ್ತೀರಾ?" ನುಡಿಸು ಎಂದವರು ಒಬ್ಬರೂ ಇಲ್ಲ. ನಾನು ಒಂದು ರಾಗ ಶುರುಮಾಡಿದರೆ, "ಬಾರ್ಸದ ಆಮೇಕೆ ನೋಡ್ಕೊಳ್ಳಿ, ಮೊದ್ಲು ಕರೆಂಟು ಕೊಡಿ" ಎಂಬ ಆಜ್ಞೆ!

ರಾತ್ರಿ ನನಗೆ ನಿದ್ದೆ ಹತ್ತದು. ಯಾರಾದರೂ ತಂತಿ ಹಿಡಿದವರು ಹಿಡಿದಂತೆಯೇ ತಣ್ಣಗಾದರೆ? ಆ ಭಯ ಆ ಶಾಕಿಗಿಂತ ಭಯಂಕರವಾಗಿತ್ತು. ರಂಗನಾಯಕಿ ಬಾಯಿಬಿಟ್ಟೇ ಹೇಳಿದಳು, "ಗಿಟಾರ್ ನುಡಿಸಿ ಜೈಲಿಗೆ ಹೋದ ಮೊದಲನೆಯವರು ನೀವೇ ಆಗ್ತೀರಿ."

ಅತ್ತೆ ದೇವಸ್ಥಾನಕ್ಕೆ ಹೋದ ಹೊತ್ತು ನೋಡಿ ಪೇಟೆಬೀದಿಗೆ ಓಡಿದೆ. ಕೆಂಪು ಗಿಟಾರನ್ನು ಮರಿಸಿದ್ದಯ್ಯನಿಗೇ ಮರಳಿಸಿ, ಮೇಲಿನ ಹಣ ತೆತ್ತು, ಪಾಲಿಶ್ ಗಿಟಾರನ್ನೂ ಪೆಟ್ಟಿಗೆಯನ್ನೂ ತಂದು ಜಗಲಿಯ ಮೇಲೆ ಪ್ರತಿಷ್ಠಾಪಿಸಿದೆ. ಮೀಟಿದೆ. ಆಹಾ, ಜೇನು! ನನಗೇ ಕಣ್ಣಲ್ಲಿ ನೀರು ಬಂತು.

ಸಾಲಿನ ಮೊದಲಿಗ ಬಸರಾಳಿನ ಮಾದಯ್ಯ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಆರೂ ತಂತಿಗಳನ್ನು ಅಂಗೈಯಿಂದ ಒತ್ತಿ ಹಿಡಿದ. ಕಾದ. ಒಂದು ಕಣ್ಣು ತೆರೆದ.

"ಸ್ವಿಚ್ ಆಕಿದ್ದೀರಾ?"

"ಹಾಕಿದ್ದೀನಪ್ಪ! ಇದು ದುಬಾರಿ ಮಾಲು. ಶಾಕ್ ಹೊಡೆಯೋದೇ ಇಲ್ಲ!" ಎಂದೆ, ಎದೆಯುಬ್ಬಿಸಿ.

ಮಾದಯ್ಯ ನನ್ನನ್ನು ಕನಿಕರದಿಂದ ನೋಡಿ, ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಸಾಲಿನ ಕಡೆ ತಿರುಗಿದ.

"ಏಳ್ರಲಾ, ಓಗವಾ! ಅಷ್ಟೊಂದ್ ದುಡ್ಡು ಸುರ್ದು ಕರೆಂಟೇ ಇಲ್ದಿರೋದ ತಂದವ್ರೆ. ಪಾಪ, ಅಯ್ನೋರ್ಗೆ ಯಾರೋ ಚೆನ್ನಾಗಿ ಟೋಪಿ ಆಕವ್ರೆ!"