ನನ್ನ ಲೆನ್ಸು ಬಿಸಿಲು ಕುಡಿದಾಗ

ಬನಹಟ್ಟಿಯಲ್ಲಿ ಫೋಟೊ ಸ್ಟುಡಿಯೊ ಇಟ್ಟವನು ನಗೆ ಹುಡುಕಿಕೊಂಡು ಹೋಗಬೇಕಿಲ್ಲ, ಅದೇ ಮೆಟ್ಟಿಲು ಹತ್ತಿ ಬರುತ್ತದೆ. ನನ್ನ ಹತ್ತಿರ ಇರುವಂಥ ಲೆನ್ಸು ಇದ್ದವನಿಗಂತೂ ಕೇಳುವುದೇ ಬೇಡ.

ದಿನದ ಕೆಲಸಕ್ಕೆ ಡಿಜಿಟಲ್ ಇದೆ. ಮನಸ್ಸಿಟ್ಟು ತೆಗೆಯಬೇಕೆಂದಾಗ ನಾನು ಎತ್ತಿಕೊಳ್ಳುವುದು ಹಳೆಯ ರೇಂಜ್‌ಫೈಂಡರ್ ಕ್ಯಾಮೆರಾ, ಅದರ ಐವತ್ತು ಎಂಎಂ ಲೆನ್ಸು. ಇದರಲ್ಲಿ ನಾವು ನೋಡುವ ಕಿಂಡಿ ಬೇರೆ, ಚಿತ್ರ ಹಿಡಿಯುವ ಲೆನ್ಸು ಬೇರೆ. ಎದುರಿನಿಂದ ಬಿಸಿಲು ಬಿದ್ದರೆ ಬೆಳಕು ಲೆನ್ಸಿನೊಳಗೆ ಚೆಲ್ಲಿ, ಫೋಟೊದಲ್ಲಿ ಬಿಳಿ ಮಬ್ಬೋ ಬಂಗಾರದ ಬಳೆಯೋ ಮೂಡುತ್ತದೆ. ಕಿಂಡಿಯಲ್ಲಿ ಅದರ ಸುಳಿವೂ ಸಿಗುವುದಿಲ್ಲ, ರೀಲು ತೊಳೆದ ಮೇಲೆಯೇ ಗೊತ್ತು. ಆದರೆ ಇದು ಮುಖವನ್ನು ಮೆತ್ತಗೆ ನೇವರಿಸಿದ ಹಾಗೆ ಚಿತ್ರ ಕೊಡುತ್ತದೆ ನೋಡಿ, ಹಾಗೆ ಯಾವ ಹೊಸ ಲೆನ್ಸೂ ಕೊಡುವುದಿಲ್ಲ. ಇದು ನನ್ನ ಹೆಮ್ಮೆ.

ನನ್ನ ಹೆಂಡತಿಯ ಹೆಮ್ಮೆ ಅಲ್ಲ. ಆಕೆ ಕೈಮಗ್ಗದಲ್ಲಿ ಸೀರೆ ನೇಯುವವಳು, ಒಂದು ಎಳೆ ತಪ್ಪಿದರೂ ಬಿಚ್ಚಿ ಮತ್ತೆ ನೇಯುತ್ತಾಳೆ. "ನಿಮ್ಮ ಲೆನ್ಸ್ ಪ್ರತಿ ಸಲ ಒಂದು ತಪ್ಪು ಮಾಡತೈತಿ, ನೀವು ಅದಕ್ಕ ಗುಣ ಅಂತ ಹೆಸರಿಟ್ಟೀರಿ" ಎನ್ನುತ್ತಾಳೆ.

ಅಳಿಯನಂಥ ನಾಯಿ

ತಿಮ್ಮಾಪುರದ ಕಡೆಯ ರೈತರೊಬ್ಬರು ತಮ್ಮ ಮುಧೋಳ ನಾಯಿಯ ಫೋಟೊ ತೆಗೆಯಲು ಕರೆದರು. ಬೀಳಗಿಯಲ್ಲಿ ಯಾರದೋ ಹೆಣ್ಣುನಾಯಿ ಇತ್ತಂತೆ. ಆ ಮನೆಯವರು ಫೋಟೊ ನೋಡಿ ಒಪ್ಪಿದರೆ ಜೋಡಿ ಕೂಡಿಸುವುದು.

ನಾನು ಲೆನ್ಸನ್ನು ಪೂರ್ತಿ ತೆರೆದು ಹೊಡೆದೆ. ನಾಯಿಯ ಮೈ ರೇಷ್ಮೆಯ ಹಾಗೆ ಬಂತು. ರೈತರು ಫೋಟೊ ತಿರುಗಿಸಿ ತಿರುಗಿಸಿ ನೋಡಿದರು.

"ಪಕ್ಕದ ಎಲುಬು ಎಲ್ಲಿ ಹ್ವಾದುವ್ರಿ?"

"ಮೆತ್ತಗ ಬಂದಾವ್ರಿ. ಈ ಲೆನ್ಸಿನ ಗುಣಾನ ಹಂಗ."

"ಮುಧೋಳ ನಾಯಿ ಅಂದ್ರ ಎಲುಬು ಎಣಸಾಕ ಬರಬೇಕ್ರಿ! ಇದು ಹೋಳಿಗಿ ತಿಂದ ಅಳಿಯ ಕುಂತಂಗ ಕಾಣತೈತಿ."

ಆದರೂ ಬೇರೆ ಫೋಟೊ ಇಲ್ಲದ್ದರಿಂದ ಅದನ್ನೇ ಕಳಿಸಿದರು. ಬೀಳಗಿಯಿಂದ ಮರುದಿನವೇ ಉತ್ತರ ಬಂತು: "ಉಂಡುಟ್ಟ ಮನಿ ಕಾಣತೈತಿ. ನಮಗ ಒಪ್ಪಿಗಿ."

ಉಳಿದ ಬಿಸಿಲು

ರಬಕವಿಯ ಸೀರೆ ವ್ಯಾಪಾರಿಯೊಬ್ಬರು ಒಂದು ಹೊಸ ಸೀರೆಯ ಫೋಟೊ ತೆಗೆಸಿದರು. ಸೆರಗಿನ ಮೇಲೆ ಲೆನ್ಸು ಒಂದು ಕೇಸರಿ ಹೊಳಪನ್ನು ತಾನೇ ಸೇರಿಸಿಬಿಟ್ಟಿತು. "ಡ್ಯಾಮೇಜ್ ಮಾಲು ಅಂತಾರ್ರಿ ಮಂದಿ" ಎಂದು ಬೈದುಕೊಂಡೇ ಅವರು ಅದನ್ನು ಗಿರಾಕಿಗಳಿಗೆಲ್ಲ ಫೋನಿನಲ್ಲಿ ಕಳಿಸಿದರು.

ಜಮಖಂಡಿಯಿಂದ ಒಬ್ಬ ಹೆಣ್ಣುಮಗಳು ಬಸ್ಸು ಹಿಡಿದು ಬಂದೇಬಿಟ್ಟಳು. ನಿಜವಾದ ಸೀರೆ ತೋರಿಸಿದರೆ ಒಪ್ಪಲೊಲ್ಲಳು. "ಇದರಾಗ ಆ ಹೊಳಪಿಲ್ಲ. ಛಲೋದು ಒಳಗ ಮುಚ್ಚಿಟ್ಟೀರಿ ನೀವು!"

ವ್ಯಾಪಾರಿ ಸೀದಾ ಆಕೆಯನ್ನು ನನ್ನ ಸ್ಟುಡಿಯೊಕ್ಕೆ ಕರೆತಂದರು. "ಸೀರಿ ನಂದು ಕೊಟ್ಟೇನ್ರಿ ಅವ್ವಾರ. ಮ್ಯಾಲಿನ ಬಿಸಿಲು ಇವರ ಕಡೆ ಐತಿ, ಇಸ್ಕೋರಿ."

ಯಜಮಾನ

ಚಿಮ್ಮಡದ ಕುರುಬರ ಹಿರಿಯರೊಬ್ಬರು ಬೀರಪ್ಪನ ಭಕ್ತರು. ಮನೆಮಂದಿಯ ಫೋಟೊ ಬೇಕೆಂದು ಕರೆಸಿದರು. ತಾವು ನಡುವೆ ಕುಳಿತು, ಆಚೆಗೊಬ್ಬ ಈಚೆಗೊಬ್ಬ ಮಗನನ್ನು ನಿಲ್ಲಿಸಿ, ಮುಂದೆ ಸಾಕಿದ ಟಗರನ್ನು ಹಿಡಿದುಕೊಂಡರು. ಮುಂದೆ ಮನೆಯ ಯಜಮಾನಿಕೆ ಯಾರಿಗೆ ಎಂದು ಮಕ್ಕಳಿಬ್ಬರಿಗೂ ಒಳಗೊಳಗೇ ಪೈಪೋಟಿ.

ಫೋಟೊ ಬಂತು. ದೇವರ ಪಟದಲ್ಲಿ ಇರುತ್ತದಲ್ಲ, ಅಂಥ ದುಂಡನೆಯ ಪ್ರಭೆ ಸರಿಯಾಗಿ ಟಗರಿನ ತಲೆಯ ಹಿಂದೆ ಮೂಡಿತ್ತು! ಬೈಗುಳ ತಿನ್ನಲು ನಾನು ಸಿದ್ಧನಾಗಿಯೇ ಹೋಗಿದ್ದೆ.

ಹಿರಿಯರು ಫೋಟೊಕ್ಕೆ ಕೈಮುಗಿದರು. ಮಕ್ಕಳಿಬ್ಬರನ್ನೂ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಾಗಿದರು. "ನನ್ನ ಮನಸಿನ್ಯಾಗೂ ಇದಾ ಇತ್ರಿ. ಬಾಯಿಬಿಟ್ಟು ಹೇಳಾಕ ಧೈರ್ಯ ಇರಲಿಲ್ಲ."

ಶಾಲು

ಹೋದ ವರ್ಷ ನಮ್ಮೂರಿನ ನೇಕಾರರು ಕೂಡಿ ನನ್ನ ಹೆಂಡತಿಗೆ ಸನ್ಮಾನ ಇಟ್ಟುಕೊಂಡರು. ಆಕೆ ವೇದಿಕೆ ಹತ್ತಿದ್ದು ಅದೇ ಮೊದಲು. ತಾನೇ ನೇಯ್ದ ಸೀರೆ ಉಟ್ಟಿದ್ದಳು. ನನ್ನ ಕೈಯಲ್ಲಿ ಹಳೆಯ ಕ್ಯಾಮೆರಾ ಕಂಡು ಕಣ್ಣು ಕೆಂಪಗೆ ಮಾಡಿದಳು.

"ನನ್ನ ಮಾರಿ ಮ್ಯಾಲ ಬಿಸಿಲು ಚೆಲ್ಲಿತು ಅಂದ್ರ, ನಿಮ್ಮ ಲೆನ್ಸ್ ಹಳೇ ಸಾಮಾನು ಒಯ್ಯೋ ಮೋಡ್ಕಾದವನ ಗಾಡಿಗಿ ಹೋಗತೈತಿ. ಖರೇ ಹೇಳ್ತೀನಿ."

ಹೇಳಿದರೆ ಮಾಡುವವಳೇ. ಆದರೂ ಆ ದಿನ ಅವಳನ್ನು ಬೇರೆ ಯಾವುದರಲ್ಲೂ ಹಿಡಿಯಲು ನನಗೆ ಮನಸ್ಸು ಬರಲಿಲ್ಲ.

ಮುಖ್ಯ ಅತಿಥಿಗಳು ತಡವಾಗಿ ಬಂದರು. ನೇಕಾರಿಕೆಯ ಬಗ್ಗೆ ಉದ್ದುದ್ದ ಮಾತಾಡಿದರು, ಹೆಂಡತಿಯ ಹೆಸರನ್ನು ಮಾತ್ರ ಮರೆತರು. ಅಷ್ಟರಲ್ಲಿ ಸಂಜೆಯಾಗಿ, ಅವರ ಬೆನ್ನ ಹಿಂದಿನ ಕಿಟಕಿಯಿಂದ ಬಿಸಿಲು ಇಳಿಯತೊಡಗಿತು. ಅವರು ಶಾಲು ಬಿಡಿಸಿ ಹೊದಿಸಲು ಕೈ ಚಾಚಿದರು. ನಾನು ಒತ್ತಿದೆ. ರೀಲೂ ಅಲ್ಲಿಗೇ ಮುಗಿಯಿತು.

ತೊಳೆದು ಬರುವ ತನಕ ನನಗೆ ಊಟ ಸೇರಲಿಲ್ಲ.

ಫೋಟೊ ನೋಡಿದೆ. ನನ್ನ ಹೆಂಡತಿ ಇದ್ದಳು ನೋಡಿ! ಕಣ್ಣಿನ ಕೆಳಗಿನ ಸುಕ್ಕು, ಸೀರೆಯ ಒಂದೊಂದು ಎಳೆ, ತುಟಿಯಂಚಿನ ಬಿಗುಮಾನ, ಎಲ್ಲವೂ ಬಂದಿತ್ತು. ಬದುಕಿನಲ್ಲಿ ನಾನು ತೆಗೆದ ಅತ್ಯುತ್ತಮ ಫೋಟೊ ಅದೇ. ಪಕ್ಕದ ಮುಖ್ಯ ಅತಿಥಿಗಳು ಮಾತ್ರ ಹೆಗಲಿನಿಂದ ಮೇಲೆ ಬರೀ ಬಿಳಿ ಬೆಳಕಾಗಿದ್ದರು.

ಹೆಂಡತಿ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಅವಳು ಏನನ್ನೂ ಹೇಳುವ ಮೊದಲೇ ಅತಿಥಿಗಳ ಕಡೆಯವನೊಬ್ಬ ಫೋಟೊ ಒಯ್ಯಲು ಬಂದ. ನೋಡಿ ಹೌಹಾರಿದ.

"ಏನ್ರೀ ಇದು? ಸಾಹೇಬ್ರ ಮಾರೀನ ಇಲ್ಲಲ್ರೀ!"

ಹೆಂಡತಿ ನನ್ನನ್ನು ಹಿಂದಕ್ಕೆ ಸರಿಸಿ, ಫೋಟೊದ ಮೇಲೆ ಬೆರಳಿಟ್ಟಳು.

"ನನ್ನ ಗಂಡನ ಲೆನ್ಸಿಗಿ ತಪ್ಪು ಅಂತ ಹೆಸರಿಡಬ್ಯಾಡ್ರಿ. ಶಾಲು ಹಿಡಿದ ಎರಡೂ ಕೈ ಅದಾವಲ್ಲ? ಸಾಹೇಬ್ರು ಮಾಡಿದ ಕೆಲಸ ಅಷ್ಟೂ ಬಂದೈತಿ."