ಪೋಸ್ಟರಿನಲ್ಲಿ ನನ್ನ ಚಿತ್ರ

ಚಿತ್ರ ಬರೆಯುವವನಿಗೆ ಬೇರೆ ಶತ್ರುಗಳು ಬೇಕಾಗಿಲ್ಲ, ಒಂದು ನಾಟಕದ ಪೋಸ್ಟರ್ ಒಪ್ಪಿಕೊಂಡರೆ ಸಾಕು. ಚನ್ನಗಿರಿಯಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿ ಮಕ್ಕಳಿಂದ ಮಡಕೆ, ಮಾವಿನಹಣ್ಣು ಬರೆಸಿ ನಿವೃತ್ತನಾದ ನನಗೆ, ಸಾಯುವುದರೊಳಗೆ ನನ್ನದೊಂದು ಚಿತ್ರವನ್ನು ನಾಲ್ಕು ಜನ ಬೀದಿಯಲ್ಲಿ ನಿಂತು ನೋಡಬೇಕೆಂಬ ಆಸೆಯಿತ್ತು. ಹಾಗಾಗಿ ಉಬ್ರಾಣಿ ನಾಟಕ ಸಂಘದ ಕಾರ್ಯದರ್ಶಿ ರುದ್ರೇಶಪ್ಪ ಮನೆಗೆ ಬಂದು, "ಮೇಷ್ಟ್ರೇ, ಈ ಸಲ ಪೋಸ್ಟರಿಗೆ ಫೋಟೋ ಬ್ಯಾಡ್ರಿ, ಕೈಯಾಗೆ ಬರೆದ ಚಿತ್ರ ಹಾಕಾನ" ಎಂದಾಗ ಹಿಗ್ಗಿ ಹೀರೇಕಾಯಿಯಾದೆ. "ಅವ್ರು ಇನ್ನೂ ಚಿತ್ರ ನೋಡಿಲ್ಲ, ಈಗ್ಲೇ ಹಿಗ್ಗಬ್ಯಾಡ್ರಿ" ಎಂದಳು ನನ್ನ ಹೆಂಡತಿ.

ಎಂಟು ದಿನ ಕೂತು ಬರೆದೆ. ನಡುವೆ ಚಾಟಿ ಹಿಡಿದ ದುಷ್ಟ ಸಾಹುಕಾರ, ಅವನ ಕಾಲ ಬಳಿ ಅಳುವ ನಾಯಕಿ, ಹಿಂದೆ ಉರಿಯುವ ಗುಡಿಸಲು. ರುದ್ರೇಶಪ್ಪ ನೋಡಿ "ಭಾರಿ ಐತ್ರಿ" ಎಂದರು. ನಮ್ಮ ಕಡೆ "ಭಾರಿ ಐತೆ" ಎಂದ ಮೇಲೆ "ಆದ್ರೆ" ಬಾರದೆ ಇದ್ದದ್ದನ್ನು ನಾನು ಕಂಡಿಲ್ಲ. "ಆದ್ರೆ ಸಾಹುಕಾರನ ಮೋರೆ ಸ್ವಲ್ಪ ಸಾಧು ಮಾಡ್ರಿ. ಆ ಪಾರ್ಟು ನಂದು. ಮಗನಿಗೆ ಹೊನ್ನಾಳಿ ಕಡೆ ಹೆಣ್ಣು ನೋಡ್ತಾ ಇದೀವಿ. ಇದನ್ನ ನೋಡಿದ್ರೆ ಅವ್ರು ಹೆಂಗೆ ಹೆಣ್ಣು ಕೊಡ್ತಾರೆ?" ಚಾಟಿ ಅಳಿಸಿದೆ. ತುಟಿಗೆ ಮುಗುಳ್ನಗೆ, ಹಣೆಗೆ ವಿಭೂತಿ ಬಂತು. ಇಂಥ ಪುಣ್ಯಾತ್ಮನೆದುರು ನಾಯಕಿ ಯಾಕೆ ಅಳುತ್ತಿದ್ದಾಳೆಂದು ದೇವರಿಗೇ ಗೊತ್ತು. ಅಷ್ಟರಲ್ಲಿ ಶುಭ ಕೋರುವವರು ಹುಟ್ಟಿಕೊಂಡರು. ಉರಿಯುವ ಗುಡಿಸಲಿನ ಮೇಲೆ ಹನ್ನೆರಡು ಮಂದಿಯ ಫೋಟೋ ಕೂತವು, ಎಲ್ಲರೂ ಕೈಮುಗಿದವರೇ. ಇದನ್ನು ಕಂಡ ರುದ್ರೇಶಪ್ಪ, ತಮಗೂ ಚಿತ್ರಕ್ಕಿಂತ ಫೋಟೋನೇ ವಾಸಿ ಎಂದರು. ಸಾಹುಕಾರನೂ ಹೋದ. ಕೊನೆಗೆ ಮೂಲೆಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ನಾಯಕಿಯ ಮುಖವೊಂದೇ ಉಳಿಯಿತು.

ಅದನ್ನಾದರೂ ಉಳಿಸಿಕೊಳ್ಳಬೇಕೆಂದು ಫ್ಲೆಕ್ಸ್ ಅಂಗಡಿಗೇ ಹೋಗಿ ಕಂಪ್ಯೂಟರಿನ ಮುಂದೆ ಕೂತೆ. "ಇದನ್ನು ಮುಟ್ಟಿದರೆ ಪೋಸ್ಟರೇ ಬೇಡ" ಎಂದು ರೇಗಿದೆ. ಅಲ್ಲೇ ಇದ್ದ ರುದ್ರೇಶಪ್ಪ ಸಿಟ್ಟಾಗಲಿಲ್ಲ. "ಅಲ್ರೀ ಮೇಷ್ಟ್ರೇ, ನಿಮ್ದೂ ಒಂದು ಫೋಟೋ ಹಾಕ್ರಿ ಅಂತ ಕಮಿಟಿಯೋರು ಹೇಳವ್ರೆ. ಕೆಳಗೆ 'ಚಿತ್ರಕಲಾವಿದರು' ಅಂತ ದಪ್ಪಕ್ಷರದಾಗೆ. ಆದ್ರೆ ಜಾಗ ಎಲ್ಲೈತೆ ನೀವೇ ಹೇಳ್ರಿ" ಎಂದರು. ಇಬ್ಬರೂ ಮೂಲೆಯಲ್ಲಿದ್ದ ನಾಯಕಿಯನ್ನು ನೋಡಿದೆವು.

ಪೋಸ್ಟರ್ ಈಗ ನ್ಯಾಮತಿಯವರೆಗೂ ಅಂಟಿದೆ. ಅದರಲ್ಲಿ ಚಿತ್ರವೊಂದನ್ನು ಬಿಟ್ಟು ಎಲ್ಲವೂ ಇದೆ, ಚಿತ್ರಕಲಾವಿದರೂ ಇದ್ದಾರೆ. ಅಂದು ಫೋಟೋ ತರಲು ನಾನು ಮನೆಗೇನೂ ಹೋಗಬೇಕಾಗಲಿಲ್ಲ. ಜಗಳಕ್ಕೆ ಹೊರಡುವಾಗಲೇ ಜೇಬಿನಲ್ಲಿಟ್ಟುಕೊಂಡಿದ್ದೆ.