ಎಣ್ಣೆ ಡಬ್ಬದ ಜೊತೆ ಮಾತುಕತೆ

ನನ್ನ ಮಾತನ್ನು ಮನೆಯಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ. ಇದನ್ನು ದೂರು ಅಂತ ಹೇಳುತ್ತಿಲ್ಲ. ಮದುವೆಯಾದ ಗಂಡಸರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಇದಕ್ಕೆ ಪರಿಹಾರವಾಗಿ ಕೆಲವರು ಸಂಘಗಳಿಗೆ ಸೇರಿ ಅಧ್ಯಕ್ಷರಾಗುತ್ತಾರೆ, ಕೆಲವರು ವಾಕಿಂಗ್ ನೆಪದಲ್ಲಿ ಪಾರ್ಕಿನ ಬೆಂಚು ಹಿಡಿಯುತ್ತಾರೆ. ನಾನು ಪರೀಕ್ಷೆ ಬರೆದು, ಸರ್ಕಾರದಿಂದ ಲೈಸೆನ್ಸ್ ಪಡೆದು, ಗಾಳಿಯಲ್ಲಿ ಮಾತಾಡಲು ಶುರು ಮಾಡಿದೆ. ಹವ್ಯಾಸಿ ರೇಡಿಯೋ ಅನ್ನುತ್ತಾರೆ ಇದಕ್ಕೆ. ಹಾಡು ಹಾಕುವ ರೇಡಿಯೋ ಅಲ್ಲ. ನಮ್ಮ ಮನೆಯಲ್ಲಿ ಕೂತು ನಾವು ಮಾತಾಡುವುದು, ಇನ್ಯಾವುದೋ ಊರಲ್ಲಿ ನಮ್ಮಂಥವನೇ ಒಬ್ಬ ಕೂತು ಕೇಳಿ ಉತ್ತರ ಕೊಡುವುದು. "ಅದ್ಯಾಕೆ, ಮೊಬೈಲ್ ಇಲ್ವಾ ನಿಮ್ಮತ್ರ?" ಅಂತ ಕೇಳದ ನೆಂಟರಿಲ್ಲ. ಇದೆ. ಆದರೆ ಮೊಬೈಲಿನಲ್ಲಿ ಮಾತಾಡುವುದಕ್ಕೆ ಏನಾದರೂ ವಿಷಯ ಬೇಕು.

ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ನನ್ನ ಮನೆ. ಕನ್ನಡಕದ ಅಂಗಡಿ ಇಟ್ಟಿದ್ದೇನೆ. ಊರಿನವರನ್ನೆಲ್ಲ ಕುರ್ಚಿಯ ಮೇಲೆ ಕೂರಿಸಿ, "ಕೊನೇ ಸಾಲು ಓದಿ" ಅಂತ ಕಣ್ಣು ನೋಡುವುದು ನನ್ನ ಹೊಟ್ಟೆಪಾಡು. ಮುಂದೆ ನಡೆದದ್ದನ್ನು ಓದುವಾಗ ನೀವು ಇದನ್ನು ದಯವಿಟ್ಟು ಮರೆತುಬಿಡಬೇಕು.

ಗಾಳಿಯಲ್ಲಿ ನಮ್ಮದು ಮೂವರ ಗುಂಪು. ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ರುದ್ರೇಶ, ಕುಣಿಗಲ್ಲಿನಲ್ಲಿ ಹೈಸ್ಕೂಲಿನ ಡ್ರಿಲ್ ಮೇಷ್ಟ್ರಾಗಿ ನಿವೃತ್ತನಾದ ನಂಜುಂಡಪ್ಪ, ಮತ್ತೆ ನಾನು. ದಿನಾ ಬೆಳಿಗ್ಗೆ ಏಳಕ್ಕೆ ಸೇರುತ್ತೇವೆ. ಒಂದು ಗಂಟೆ ಏನು ಮಾತಾಡುತ್ತೀರಿ ಅಂತ ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ. "ನನ್ನ ಧ್ವನಿ ಹೆಂಗ್ ಬರ್ತಾ ಐತೆ?" "ಫೈವ್ ನೈನ್ ಕಣಯ್ಯ. ನಂದು?" "ನಿಂದೂ ಫೈವ್ ನೈನ್." ಫೈವ್ ನೈನ್ ಅಂದರೆ ನಮ್ಮ ಲೆಕ್ಕದಲ್ಲಿ ಪೂರ್ತಿ ಅಂಕ. ಇಷ್ಟಾದ ಮೇಲೆ ಮಳೆ, ಮೊಣಕಾಲು, ತೆಂಗಿನ ನುಸಿರೋಗ. ನಂಜುಂಡಪ್ಪ ರೇಡಿಯೋದಲ್ಲಿ ಶುರುವಿಟ್ಟುಕೊಂಡರೆ ನಿಲ್ಲಿಸುವವರಿಲ್ಲ. ಅದೇ ಮನುಷ್ಯನಿಗೆ ಫೋನ್ ಮಾಡಿ ನೋಡಿ: "ಹ್ಞೂಂ. ಹೇಳು. ಸರಿ. ಇಡ್ಲಾ?" ಅಷ್ಟೇ. ಅರ್ಧ ನಿಮಿಷಕ್ಕೆ ಮುಗಿದುಹೋಗುತ್ತದೆ. ಹೆಂಡತಿ ತೀರಿಕೊಂಡ ಮೇಲೆ ಅವನು ರೇಡಿಯೋವನ್ನು ದಿನವಿಡೀ ಹಾಕಿಯೇ ಇಡುತ್ತಾನೆ, ಯಾರಾದರೂ ಕರೆದಾರು ಅಂತ. ಅವನ ಜೊತೆ ಮಾತಾಡದ ದಿನ ನನಗೆ ಹಲ್ಲುಜ್ಜದೆ ಅಂಗಡಿಗೆ ಹೋದ ಹಾಗೆ ಇರುತ್ತದೆ.

ಇಷ್ಟು ಸುಖವಾಗಿದ್ದವನಿಗೆ ತಲೆ ಕೆಟ್ಟಿದ್ದು ಒಂದು ಬೆಳಿಗ್ಗೆ ನಂಜುಂಡಪ್ಪ, "ನಿಂದು ಚೆನ್ನಾಗೈತೆ, ಆದ್ರೆ ರುದ್ರೇಶುಂದು ಇನ್ನೂ ಒಂಚೂರು ಗಟ್ಟಿ" ಅಂದಾಗ. ಒಂಚೂರು! ಆ ಒಂಚೂರು ಇಡೀ ದಿನ ಅಂಗಡಿಯಲ್ಲಿ ನನ್ನ ಕಿವಿಯಲ್ಲೇ ಇತ್ತು. ಅಂದೇ ಪಣ ತೊಟ್ಟು ಆಂಪ್ಲಿಫೈಯರ್ ಕಟ್ಟಲು ಕೂತೆ. ಸಣ್ಣ ಧ್ವನಿಯನ್ನು ದೊಡ್ಡದು ಮಾಡಿ ಗಾಳಿಗೆ ಬಿಡುವ ಪೆಟ್ಟಿಗೆ ಅದು. ಟ್ರಾನ್ಸ್‌ಫಾರ್ಮರು, ಫ್ಯಾನು, ಎರಡು ದಪ್ಪ ವಾಲ್ವುಗಳು ಎಲ್ಲ ಸೇರಿ ಒಂದು ಹಳೆಯ ಟ್ರಂಕಿನಷ್ಟಾಯಿತು. ಅಡುಗೆಮನೆಗೆ ಅಂಟಿಕೊಂಡಿರುವ ಉಗ್ರಾಣವೇ ನನ್ನ ರೇಡಿಯೋ ಕೋಣೆ. ನಾನು ಅಲ್ಲಿ ಗಟ್ಟಿಯಾಗಿ ಮಾತಾಡಿದರೆ ಇಲ್ಲಿ ಅಡುಗೆಮನೆಯ ಬಲ್ಬು ಮಂಕಾಗುತ್ತಿತ್ತು. "ಇಷ್ಟು ವರ್ಷದಲ್ಲಿ ನಿಮ್ಮ ಮಾತಿಗೆ ಏನಾದ್ರೂ ಪರಿಣಾಮ ಆಗಿದ್ದು ಇದೇ ಮೊದಲು" ಅಂದಳು ನನ್ನ ಹೆಂಡತಿ ಶಾರದ.

ಹೊಸ ಆಂಪ್ಲಿಫೈಯರನ್ನು ಸೀದಾ ಆಂಟೆನಾಕ್ಕೆ ಹಚ್ಚಬಾರದು ಅನ್ನುವುದು ನಮ್ಮ ಕಸುಬಿನ ನಿಯಮ. ಮೊದಲು ಒಂದು ಸುಳ್ಳು ಆಂಟೆನಾಕ್ಕೆ ಹಚ್ಚಿ ಪರೀಕ್ಷೆ ಮಾಡಬೇಕು. ನನ್ನದು ಹಳೇ ಎಣ್ಣೆ ಡಬ್ಬ. ಒಳಗೆ ಒಂದು ರೆಸಿಸ್ಟರ್, ಅದು ಮುಳುಗುವಷ್ಟು ಟ್ರಾನ್ಸ್‌ಫಾರ್ಮರ್ ಎಣ್ಣೆ, ಮೇಲೆ ಭದ್ರವಾದ ಮುಚ್ಚಳ. ಎಷ್ಟೇ ಶಕ್ತಿ ಕೊಟ್ಟರೂ ನುಂಗಿಕೊಂಡು ಬೆಚ್ಚಗಾಗುತ್ತದೆ, ಹೊರಗೆ ಬಿಡುವುದು ಇಲ್ಲವೆಂಬಷ್ಟು ಕಮ್ಮಿ. ಒಂದು ಮಧ್ಯಾಹ್ನ ಡಬ್ಬಕ್ಕೆ ಹಚ್ಚಿ ನೋಡಿದೆ, ಎಲ್ಲ ಸರಿಯಾಗಿತ್ತು. ಇನ್ನೇನು ವೈರು ಬದಲಿಸಬೇಕು, ಅಷ್ಟರಲ್ಲಿ ಅಂಗಡಿಯಿಂದ ಫೋನು. ಮದುವೆಗೆ ಹೊರಟಿದ್ದ ಗಿರಾಕಿಯೊಬ್ಬರು ತಮ್ಮ ಕನ್ನಡಕದ ಮೇಲೆ ತಾವೇ ಕೂತುಬಿಟ್ಟಿದ್ದರು. ಓಡಿದೆ.

ಮಾರನೆ ದಿನ ಬೆಳಿಗ್ಗೆ ಏಳಕ್ಕೆ ಮೈಕ್ ಹಿಡಿದು ಗಂಟಲು ಸರಿ ಮಾಡಿಕೊಂಡು, ಪೂರ್ತಿ ಶಕ್ತಿಯಲ್ಲಿ ಕೂಗಿದೆ. ಉತ್ತರವಿಲ್ಲ. ಮತ್ತೆ ಕೂಗಿದೆ. ಇಲ್ಲೊಂದು ಮಾತು ಹೇಳಬೇಕು. ನನ್ನದು ಹಳೇ ಪದ್ಧತಿ. ಮಾತಾಡುವುದಕ್ಕೆ ಒಂದು ಪೆಟ್ಟಿಗೆ, ಕೇಳುವುದಕ್ಕೆ ಬೇರೆ ಪೆಟ್ಟಿಗೆ, ಅದಕ್ಕೆ ಬೇರೆಯದೇ ಆಂಟೆನಾ. ಹಾಗಾಗಿ ಅವರಿಬ್ಬರೂ ನನಗೆ ಗಂಟೆ ಬಾರಿಸಿದ ಹಾಗೆ ಕೇಳಿಸುತ್ತಿದ್ದರು. ನಾನು ಮಾತ್ರ ಅವರಿಗೆ ಕೇಳಿಸುತ್ತಿರಲಿಲ್ಲ. "ಏನೋ ನೊಣ ಗುಂಯ್ ಅಂದಂಗಾಯ್ತಲ್ಲ ರುದ್ರೇಶ?" ಅಂದ ನಂಜುಂಡಪ್ಪ. ಆ ನೊಣ ನಾನು.

ಅಂದಿನಿಂದ ಶುರುವಾಯಿತು ನನ್ನ ತಪಾಸಣೆ. ಆಂಟೆನಾದಿಂದ ಎಷ್ಟು ಶಕ್ತಿ ಹೊರಗೆ ಹೋಗದೆ ವಾಪಸ್ ಬರುತ್ತಿದೆ ಅಂತ ತೋರಿಸುವ ಮೀಟರ್ ಒಂದಿದೆ. ನೋಡಿದರೆ ಮುಳ್ಳು ಸೊನ್ನೆ ಬಿಟ್ಟು ಕದಲುತ್ತಿಲ್ಲ. ಒಂದು ತೊಟ್ಟೂ ವಾಪಸ್ ಬರುತ್ತಿಲ್ಲ! ನನ್ನ ಆಂಟೆನಾ ಇಷ್ಟು ಒಳ್ಳೆಯದಾಗಿ ಎಂದೂ ಇರಲಿಲ್ಲ. ನಂಜುಂಡಪ್ಪನಿಗೆ ಫೋನ್ ಮಾಡಿ, "ಮೀಟರ್ ಪ್ರಕಾರ ನಾನು ನಿಂಗೆ ಕೇಳಿಸಲೇಬೇಕು" ಅಂದೆ. "ಹ್ಞೂಂ" ಅಂದ. "ಕೇಳಿಸ್ತಿಲ್ವಾ?" "ಫೋನಲ್ಲಿ ಕೇಳಿಸ್ತಾ ಐತೆ. ಇಡ್ಲಾ?" ಅಂದ.

ಆಂಪ್ಲಿಫೈಯರ್ ಬಿಚ್ಚಿದೆ, ಕಟ್ಟಿದೆ. ವಾಲ್ವು ಬದಲಿಸಿದೆ. ಕೊನೆಗೆ ಆಂಪ್ಲಿಫೈಯರನ್ನೇ ತೆಗೆದಿಟ್ಟು, ಅದಕ್ಕಿದ್ದ ವೈರನ್ನು ಮಾತಾಡುವ ಹಳೇ ಪೆಟ್ಟಿಗೆಗೆ ಸಿಕ್ಕಿಸಿ ಕೂಗಿದೆ. ನೊಣವೂ ಇಲ್ಲ. ಅಂದ ಮೇಲೆ ತಪ್ಪು ತಾರಸಿಯ ಮೇಲಿನ ಆಂಟೆನಾದ್ದೇ ಅಂತ ತೀರ್ಮಾನಿಸಿ ಆಂಪ್ಲಿಫೈಯರನ್ನು ಮತ್ತೆ ಹಚ್ಚಿದೆ. ಅದರ ಒಂದು ತುದಿ ನಮ್ಮ ನೀರಿನ ಟ್ಯಾಂಕಿಗೆ, ಇನ್ನೊಂದು ತುದಿ ಪಕ್ಕದ ಮನೆ ಚಿಕ್ಕಣ್ಣನವರ ತೆಂಗಿನ ಮರಕ್ಕೆ. ಮರ ಹತ್ತುವವನನ್ನು ಕರೆಸಿದೆ. ಅವನು ಮೇಲೆ ಹೋಗಿ, "ಇಲ್ಲೇನೂ ಆಗಿಲ್ಲ ಸಾ, ಗಟ್ಟಿಯಾಗೈತೆ" ಅಂದ. ಕೆಳಗೆ ನಿಂತಿದ್ದ ಚಿಕ್ಕಣ್ಣನವರು, "ಹೆಂಗೂ ಹತ್ತಿದೀಯಲ್ಲ, ಆ ಗೊನೆ ಕೆಡವ್ಬುಡು" ಅಂದರು. ನನಗೆ ತೃಪ್ತಿಯಾಗದೆ ಎರಡು ದಿನ ಬಿಟ್ಟು ಮತ್ತೆ ಹತ್ತಿಸಿದೆ. ಚಿಕ್ಕಣ್ಣನವರು ಇನ್ನೊಂದು ಗೊನೆ ಕೆಡವಿಸಿಕೊಂಡರು. ಈಗಲೂ ಸಿಕ್ಕಾಗಲೆಲ್ಲ, "ಆ ವೈರು ಸರಿಗೈತಾ? ಒಂದ್ಸಲ ಚೆಕ್ ಮಾಡಿಸ್ಬುಡಿ" ಅನ್ನುತ್ತಾರೆ.

ಇದೆಲ್ಲದರ ನಡುವೆ ದಿನಾ ಏಳಕ್ಕೆ ನಾನು ಕೇಳುವ ಪೆಟ್ಟಿಗೆಯ ಮುಂದೆ ಕೂತಿರುತ್ತಿದ್ದೆ. ಅವರು ನನ್ನ ಬಗ್ಗೆಯೇ ಮಾತಾಡುತ್ತಿದ್ದರು. ನನ್ನ ಸಂತಾಪ ಸಭೆಗೆ ನಾನೇ ಹೋಗಿ ಹಿಂದಿನ ಸಾಲಿನಲ್ಲಿ ಕೂತ ಹಾಗಿತ್ತು. "ಪಾಪ, ಒಳ್ಳೇ ಮನುಷ್ಯ" ಅಂದ ರುದ್ರೇಶ. "ಒಳ್ಳೆಯವ್ನೆ, ಕೈ ಚಳಕ ಇಲ್ಲ" ಅಂದ ನಂಜುಂಡಪ್ಪ. ನಾನು ಮೈಕ್ ಹಿಡಿದು, "ಕೈ ಚಳಕದ ಬಗ್ಗೆ ನೀನು ಮಾತಾಡ್ಬೇಡ, ಹೋದ್ ವರ್ಷ ನಿನ್ನ ಆಂಟೆನಾ ಮೇಲೆ ನೀನೇ ಬೆಡ್‌ಶೀಟ್ ಒಣಗಾಕಿದ್ದೆ" ಅಂತ ಪೂರ್ತಿ ಶಕ್ತಿಯಲ್ಲಿ ಅಬ್ಬರಿಸಿದೆ. ಬಲ್ಬು ಮಂಕಾಯಿತು. ಕುಣಿಗಲ್ಲಿಗೆ ಏನೂ ತಲುಪಲಿಲ್ಲ. ಬೆಳಿಗ್ಗೆ ಸಾಲದೆ ಸಂಜೆ ಅಂಗಡಿ ಮುಚ್ಚಿ ಬಂದ ಮೇಲೂ ಕೂತು ಕೂಗತೊಡಗಿದೆ.

ಅದಕ್ಕಿಂತ ಕಷ್ಟವಾಗಿದ್ದು, ನಾಲ್ಕಾರು ದಿನ ಕಳೆದ ಮೇಲೆ ಅವರು ನನ್ನ ಸುದ್ದಿಯನ್ನೇ ಎತ್ತದೆ ಇದ್ದದ್ದು. ಸೀದಾ ಕೊಬ್ಬರಿ ರೇಟಿಗೆ ಹೋಗಿಬಿಟ್ಟರು. ಶನಿವಾರ ರುದ್ರೇಶ ಇನ್ನೊಂದು ಬಾಂಬು ಹಾಕಿದ. "ಸಾರ್, ಏಳು ಗಂಟೆ ಇಟ್ಟಿದ್ದೇ ತುಮ್ಕೂರವರು ಬೇಗ ಏಳಲ್ಲ ಅಂತ. ಈಗ ಅವ್ರೇ ಇಲ್ವಲ್ಲ, ಐದೂವರೆಗೆ ಮಾಡ್ಕೊಳಣ. ನಂಗೂ ಮಂಡಿಗೆ ಹೋಗೋಕೆ ಅನುಕೂಲ." ಐದೂವರೆಗೆ ನಾನು ಯಾವ ಲೋಕದಲ್ಲಿರುತ್ತೇನೆ ಅಂತ ಶಾರದಳನ್ನು ಕೇಳಬೇಕು. ನಂಜುಂಡಪ್ಪ, "ನಾಳೆ ಭಾನುವಾರ ಒಂದಿನ ನೋಡಣ. ಬರ್ನಿಲ್ಲ ಅಂದ್ರೆ ಸೋಮವಾರದಿಂದ ಹಂಗೇ ಮಾಡಣ" ಅಂದ. ನನಗಿದ್ದದ್ದು ಒಂದೇ ದಿನ.

ಭಾನುವಾರ ಬೇಗನೆ ಎದ್ದೆ. ಮುಖದಲ್ಲಿ ಕಳೆ ಇರಲಿಲ್ಲವೆಂದು ಕಾಣುತ್ತದೆ, ಶಾರದ ಅಷ್ಟು ಹೊತ್ತಿಗೇ ಕಾವಲಿ ಇಟ್ಟು ದೋಸೆ ಹಾಕಿಕೊಟ್ಟಳು. ಹೂವಿನಂಥ ದೋಸೆ, ಮೈತುಂಬ ತೂತು. ಮಾತು ಬೇಕಲ್ಲ ಅಂತ ಕೇಳಿದೆ, "ಧನುರ್ಮಾಸದ ಚಳೀಲಿ ಹಿಟ್ಟು ಉಬ್ಬಲ್ಲ ಅಂತ ಗೋಳಾಡ್ತಿದ್ಯಲ್ಲ, ಈ ವಾರ ಎಲ್ಲ ಹೇಗೆ ಇಷ್ಟು ಚೆನ್ನಾಗಿ ಬರ್ತಿದೆ?"

"ನಿಮ್ಮ ಡಬ್ಬದ ಪಕ್ಕ ಇಡ್ತೀನಲ್ಲ" ಅಂದಳು.

"ಯಾವ ಡಬ್ಬ?"

"ಅದೇ, ಉಗ್ರಾಣದಲ್ಲಿ ಮೇಜಿನ ಕೆಳಗಿರೋ ಎಣ್ಣೆ ಡಬ್ಬ. ಸಂಜೆ ನೀವು ಕೂಗಾಡಿದಷ್ಟೂ ಬಿಸಿ ಆಗುತ್ತೆ. ಪಾತ್ರೆ ಅದಕ್ಕೆ ಒತ್ತಿಟ್ಟು ಮೇಲೊಂದು ಕಂಬಳಿ ಹೊದಿಸಿದ್ರೆ ಬೆಳಿಗ್ಗೆಗೆ ಮುಚ್ಚಳ ಎತ್ಕೊಂಡು ಬಂದಿರುತ್ತೆ. ಮೊನ್ನೆ ನೀವು ಯಾರಿಗೋ ಬೈದ್ರಲ್ಲ, ಅವತ್ತಂತೂ ಉಕ್ಕಿ ನೆಲದ ಮೇಲೆಲ್ಲ."

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಉಗ್ರಾಣಕ್ಕೆ ಓಡಿ ಮೇಜಿನ ಕೆಳಗೆ ನುಸುಳಿದೆ. ಒಂದೇ ಥರದ ಎರಡು ಕಪ್ಪು ವೈರುಗಳು. ಒಂದು ಕಿಟಕಿಯಿಂದ ತಾರಸಿಗೆ ಹೋಗುತ್ತದೆ. ಅದರ ತುದಿ ನೆಲದ ಮೇಲೆ ಅನಾಥವಾಗಿ ಬಿದ್ದಿತ್ತು. ಇನ್ನೊಂದು ನನ್ನ ಆಂಪ್ಲಿಫೈಯರಿನಿಂದ ಹೊರಟು ಸೀದಾ ಡಬ್ಬಕ್ಕೆ. ಮೀಟರಿಗೆ ಏನೂ ವಾಪಸ್ ಬರದೆ ಇದ್ದದ್ದು ಯಾಕೆಂದು ಆಗ ಹೊಳೆಯಿತು. ಬರುವುದೆಲ್ಲಿಂದ? ನನ್ನ ಕೂಗು, ಬೈಗುಳ, ಅಳಲು ಎಲ್ಲವನ್ನೂ ದೋಸೆ ಹಿಟ್ಟು ಕೇಳಿಸಿಕೊಂಡಿತ್ತು, ಕೇಳಿಸಿಕೊಂಡು ಉಬ್ಬಿತ್ತು. ಎದುರಿಗಿದ್ದ ವೈರು ಕಾಣದ ನಾನು ಅಂಗಡಿಯಲ್ಲಿ ಊರಿನವರಿಗೆಲ್ಲ ಕೊನೇ ಸಾಲು ಓದಿಸುತ್ತಿದ್ದೆ.

ವೈರು ಬದಲಿಸಿ, ಏಳು ಹೊಡೆಯುತ್ತಲೇ ಕರೆದೆ. "ಅಯ್ಯಯ್ಯಪ್ಪಾ!" ಅಂದ ನಂಜುಂಡಪ್ಪ. "ಮೆತ್ತಗ್ ಮಾತಾಡಯ್ಯ, ಸ್ಪೀಕರ್ ಹರ್ದೋಯ್ತದೆ! ಫೈವ್ ನೈನ್, ಅದ್ರ ಮೇಲೂ ಐತೆ!" ಅವನ ಧ್ವನಿಯಲ್ಲಿ ಖುಷಿ ಇತ್ತು. ನನಗೆ ಕಣ್ಣು ತುಂಬಿ ಬಂತು. "ಏನಾಗಿತ್ಲಾ?" ಅಂತ ಕೇಳಿದ.

ನಿಜ ಹೇಳಿಬಿಡಬಹುದಿತ್ತು. ಆದರೆ ಡಬ್ಬಕ್ಕೆ ವಾರವಿಡೀ ಮಾತಾಡಿದವನು ಅಂತ ಒಮ್ಮೆ ಗೊತ್ತಾದರೆ ನಮ್ಮ ಬಳಗದಲ್ಲಿ ಜನ್ಮವಿಡೀ ಅದೇ ಹೆಸರು. ಮೈಕ್ ಒತ್ತಿ ಹಿಡಿದು, ಒಳಗಿನ ರಿಲೇ ಸ್ವಿಚ್ಚು ಕೆಟ್ಟಿತ್ತು ಅಂದೆ, ಅದರ ಬೆಳ್ಳಿಯ ಕಾಂಟ್ಯಾಕ್ಟಿನಲ್ಲಿ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಮಸಿ ಅಂದೆ, ಭೂತಗನ್ನಡಿ ಇಟ್ಟು ಹುಡುಕಿದೆ, ಬೇರೆಯವರ ಕೈಲಾಗುತ್ತಿರಲಿಲ್ಲ ಅಂದೆ. ಅಷ್ಟರಲ್ಲಿ ಬಾಗಿಲಲ್ಲಿ ಶಾರದ ಬಂದು ನಿಂತಳು. "ಅಯ್ಯೋ, ಡಬ್ಬದ ವೈರ್ ಯಾಕೆ ಕಿತ್ರಿ? ಅದನ್ನೇ ಇಟ್ಕೊಂಡು ಮಾತಾಡಿ, ನಾಳೆ ಇಡ್ಲಿಗೆ ಹಿಟ್ಟು ಉಬ್ಬೋದ್ ಬೇಡ್ವಾ?" ಅಂದಳು. ನನ್ನ ಹೆಬ್ಬೆರಳು ಇನ್ನೂ ಮೈಕಿನ ಗುಂಡಿ ಒತ್ತಿಕೊಂಡೇ ಇತ್ತು.

ಬೆರಳು ತೆಗೆದದ್ದೇ ತಡ, ಗುಬ್ಬಿಯಿಂದ ರುದ್ರೇಶ, "ಅಕ್ಕನ ಧ್ವನಿ ಫೈವ್ ನೈನ್ ಸಾರ್, ಬಹಳ ಸ್ಪಷ್ಟವಾಗಿ ಬಂತು" ಅಂದ. ನಂಜುಂಡಪ್ಪ ನಗುವುದು ನಿಂತ ಮೇಲೆ, "ಏಳು ಗಂಟೇನೇ ಇರ್ಲಿ ರುದ್ರೇಶ" ಅಂದ.

ಅಂದಿನಿಂದ ದಿನಾ ಶುರುವಿಗೆ, "ಯಾರಿಗ್ ಮಾತಾಡ್ತಾ ಇದೀಯ, ನಮಗೋ ಹಿಟ್ಟಿಗೋ?" ಅಂತ ಕೇಳುತ್ತಾರೆ. ಅನ್ನಲಿ. ಮನೆಯಲ್ಲಿ ಶಾರದಳ ಜೊತೆಗೂ ಒಂದು ಒಪ್ಪಂದವಾಗಿದೆ. ಚಳಿ ಮುಗಿಯುವ ತನಕ ಶನಿವಾರ ಸಂಜೆ ನಾನು ಡಬ್ಬಕ್ಕೆ ವೈರು ಹಚ್ಚಿ, ಅವಳು ಹಿಟ್ಟು ಇಟ್ಟ ಮೇಲೆ ಮುಕ್ಕಾಲು ಗಂಟೆ ಮಾತಾಡಬೇಕು. ಮೊದಮೊದಲು ಮಗ್ಗಿ ಹೇಳುತ್ತಿದ್ದೆ. ಆಮೇಲೆ ರುಚಿ ಹತ್ತಿತು. ಡಬ್ಬ ಮಧ್ಯೆ ಬಾಯಿ ಹಾಕುವುದಿಲ್ಲ, ಟೀವಿ ಕಡೆ ನೋಡುವುದಿಲ್ಲ. ಯಾರ ಮುಂದೆಯೂ ಹೇಳದ್ದನ್ನೆಲ್ಲ ಅದಕ್ಕೆ ಹೇಳುತ್ತೇನೆ.

ಹೋದ ಶನಿವಾರ ಸರದಿ ನಂಜುಂಡಪ್ಪನದು. "ಅವನಂಥ ಮಾತಿನ ಮಲ್ಲ ಇನ್ನೊಬ್ಬನಿಲ್ಲ. ತನ್ನ ಮೊಣಕಾಲೊಂದೇ ಮೊಣಕಾಲು, ಬೇರೆಯವರದ್ದೆಲ್ಲ ಮರದ್ದು. ಫೋನಲ್ಲಾದರೆ ಬಾಯಿಗೆ ಹೊಲಿಗೆ" ಅಂತ ಶುರು ಮಾಡಿದವನು, ಯಾಕೋ ಎಲ್ಲಿಗೋ ಹೋಗಿಬಿಟ್ಟೆ. "ಆದರೂ ಆ ದಿನ ಭಾನುವಾರದ ತನಕ ಕಾಯೋಣ ಅಂದನಲ್ಲ, ಅದು ಅವನೊಬ್ಬನೇ ಅನ್ನೋ ಮಾತು. ಅವನಿಲ್ಲದೆ ಹೋದರೆ ಬೆಳಿಗ್ಗೆ ನಾನು ಏಳೋದಾದರೂ ಯಾಕೆ" ಅಂದೆ. ಹೇಳಿ ಮೂಗು ಒರೆಸಿಕೊಂಡು ಮೈಕ್ ಕೆಳಗಿಟ್ಟೆ.

ಫೋನು ಹೊಡೆದುಕೊಂಡಿತು. ಕುಣಿಗಲ್ಲಿನಿಂದ. ಮೊದಲು ಕೆಮ್ಮಿದ್ದು ಕೇಳಿಸಿತು.

"ಎಲ್ಲಾ ಕೇಳಿಸ್ತು ಕಣಯ್ಯ" ಅಂದ. "ಫೈವ್ ನೈನ್. ವೈರ್ ನೋಡ್ಕೊ. ಹಿಟ್ಟು ಉಬ್ಬಲ್ಲ ಅಂತ ಶಾರದಮ್ಮಂಗೆ ಹೇಳು. ಇಡ್ಲಾ?"

ಭಾನುವಾರ ನಮ್ಮ ಮನೆಯಲ್ಲಿ ಉಪ್ಪಿಟ್ಟು.